ಅಕ್ಕನಿಗೆ ಕಳಿಸಿದ ಎಲಚಿ ವಡೆ

ನಾನು ಚಿಕ್ಕವನಿದ್ದಾಗ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಗುಬ್ಬಿಯ ನಮ್ಮ ಮನೆಯಲ್ಲಿ ಎಲಚಿ ಹಣ್ಣಿನ ವಡೆ ತಟ್ಟಿದ ಆ ದಿನವಂತೂ ಬೆಳಗಿನಿಂದ ಸಂಜೆಯವರೆಗೂ ಸಿಡುಕುತ್ತಲೇ ಇದ್ದೆ. ಈ ವಡೆ ಎಣ್ಣೆಯಲ್ಲಿ ಕರಿಯುವುದಲ್ಲ. ಎಲಚಿ ಹಣ್ಣನ್ನು ಬೆಲ್ಲ, ಒಣಮೆಣಸಿನಕಾಯಿ, ಜೀರಿಗೆ, ಉಪ್ಪಿನ ಜೊತೆ ಬೀಜಸಮೇತ ಒರಳಿನಲ್ಲಿ ಕುಟ್ಟಿ, ಬಿಲ್ಲೆಯಂತೆ ತಟ್ಟಿ, ಬಿಸಿಲಿಗೆ ಒಣಗಿಸುವುದು. ಬಾಯಿಗೆ ಹಾಕಿಕೊಂಡರೆ ಹುಳಿ, ಸಿಹಿ, ಖಾರ ಒಂದರ ಹಿಂದೊಂದು ಬರುತ್ತವೆ. ಕೊನೆಗೆ ಬೀಜ ಉಗಿಯಬೇಕು.

ಆ ಸಲದ ವಡೆ ನಮಗಲ್ಲ. ಕುಣಿಗಲ್ಲಿಗೆ ಕೊಟ್ಟಿದ್ದ ಅಕ್ಕ ಆಗ ಮೊದಲ ಬಸುರಿ. ಎಲಚಿ ವಡೆ ತಿನ್ನಬೇಕು ಅನ್ನಿಸಿದೆ ಎಂದು ಕಾರ್ಡು ಬರೆದಿದ್ದಳು. ಅಪ್ಪ ಅದನ್ನು ಎರಡು ಸಲ ಓದಿ, "ಗುರುವಾರ ನಾನೇ ಹೋಗಿ ಕೊಟ್ಟು ಬರ್ತೀನಿ" ಅಂದರು. ಹಣ್ಣು ತರುವ ಕೆಲಸ ನನ್ನ ತಲೆಗೆ ಬಿತ್ತು. ಕೆರೆ ಏರಿಯ ಕೆಳಗಿನ ಪೊದೆಗಳಲ್ಲಿ ಒಂದು ಕುಕ್ಕೆ ಹಣ್ಣು ಆಯುವಷ್ಟರಲ್ಲಿ ಮುಳ್ಳು ಗೀರಿ ಕೈಯೆಲ್ಲ ಉರಿಯುತ್ತಿತ್ತು.

ಮನೆಗೆ ಬಂದು ಒಂದು ಹಣ್ಣು ಬಾಯಿಗೆ ಎಸೆದುಕೊಳ್ಳೋಣ ಎಂದರೆ ಅಜ್ಜಿ ಕೈಗೇ ಹೊಡೆದಳು.

"ಬಸುರಿ ಆಸೆಪಟ್ಟಿದ್ದು. ಅವ್ಳ ಬಾಯಿಗೆ ಹೋಗೋಕ್ ಮುಂಚೆ ಇನ್ಯಾರೂ ಬಾಯಿಗಿಡಂಗಿಲ್ಲ ಕಣ್ಲಾ."

ಪ್ರತಿ ವರ್ಷ ಕುಟ್ಟುವಾಗ ಚಿಟಿಕೆಯಷ್ಟು ನಾಲಿಗೆಗೆ ಹಚ್ಚಿ ಉಪ್ಪು ನೋಡುತ್ತಿದ್ದೆವು. ಈ ಸಲ ಅದೂ ಇಲ್ಲ. ಅಜ್ಜಿ ಮೊದಲು ಕುಟ್ಟಿ, ಸೊಂಟ ನೋವೆಂದು ಎದ್ದಳು. ಅಮ್ಮ ಬಂದು ಒನಕೆ ಹಿಡಿದಳು. ಒಲೆಯ ಮೇಲಿನ ಸಾರು ಉಕ್ಕಿತೆಂದು ಅವಳೂ ಒಳಗೆ ಓಡಿದಳು. ಒನಕೆ ನನ್ನ ಕೈಗೆ ಬಂತು. ಒರಳಿನಿಂದ ಏಳುತ್ತಿದ್ದ ಹುಳಿ ವಾಸನೆಗೆ ಬಾಯಲ್ಲಿ ನೀರು, ಮೆಣಸಿನಕಾಯಿ ಘಾಟಿಗೆ ಕಣ್ಣಲ್ಲಿ ನೀರು. ಪಕ್ಕದಲ್ಲಿ ಕಲ್ಲುಪ್ಪಿನ ಮಡಕೆ ಇತ್ತು. ಉಪ್ಪು ಹಾಕುವುದನ್ನು ಮರೆತಿರಬೇಕು ಅಂದುಕೊಂಡು, ದೊಡ್ಡವರಂತೆ ನಾನೇ ಒಂದು ಹಿಡಿ ಹಾಕಿ ಕುಟ್ಟಿದೆ. ಯಾರನ್ನೂ ಕೇಳಲಿಲ್ಲ.

ಮೂವರೂ ಕೂತು ವಡೆ ತಟ್ಟಿ ಮಾಳಿಗೆಯ ಮೇಲೆ ಹಳೆಯ ಪಂಚೆ ಹಾಸಿ ಹರವಿದೆವು. ಮುಳ್ಳು ಗೀರಿದ ಕೈಗೆ ಉಪ್ಪು ಖಾರ ತಗುಲಿ ನಾನು ಕುಣಿಯುತ್ತಿದ್ದೆ. ಅಷ್ಟು ಸಾಲದೆಂದು ಕಾಗೆ ಕಾಯುವ ಕೆಲಸವೂ ನನ್ನದೇ ಆಯಿತು. ಕೆಳಗೆ ಬೀದಿಯಲ್ಲಿ ನನ್ನ ಜೊತೆಯವರು ಲಗೋರಿ ಆಡುತ್ತಿದ್ದರು. ನೆತ್ತಿ ಸುಡುವ ಬಿಸಿಲಿನಲ್ಲಿ ನಾನು ಕೋಲು ಹಿಡಿದು, ನನಗೆ ದಕ್ಕದ ತಿಂಡಿಗೆ ಕಾವಲು ಕೂತಿದ್ದೆ. ಸಿಟ್ಟು ನೆತ್ತಿಗೇರಿ ಒಂದು ವಡೆ ಎತ್ತಿ ಬಾಯಿಗೆ ಹಾಕಿಕೊಂಡೆ.

ಥೂ ಎಂದು ಉಗಿದೆ. ಬರೀ ಉಪ್ಪು. ಹುಳಿ, ಸಿಹಿ ಎಲ್ಲಿ ಹೋದವೋ ತಿಳಿಯಲಿಲ್ಲ.

ನನ್ನ ಒಂದು ಹಿಡಿಯಿಂದ ಇಷ್ಟಾಯಿತೇ? ಕುಕ್ಕೆಯಲ್ಲಿ ಇನ್ನೂ ಅರ್ಧ ಹಣ್ಣು ಉಳಿದಿತ್ತು. ವಡೆ ಹಸಿಯಾಗಿಯೇ ಇತ್ತು. ಆಗಲೇ ಹೇಳಿದರೆ ಮತ್ತೆ ಒರಳಿಗೆ ಹಾಕಿ, ಹಣ್ಣು ಬೆಲ್ಲ ಬೆರೆಸಿ ಸರಿಮಾಡಬಹುದಿತ್ತು. ಆದರೆ ಉಪ್ಪು ಜಾಸ್ತಿ ಅಂದರೆ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರಲ್ಲ? ಅಕ್ಕನಿಗಿಂತ ಮೊದಲು ನಾನು ತಿಂದದ್ದು ಬಯಲಾಗುತ್ತದೆ. ಆದರೂ ಹೇಳಲೆಂದೇ ಮೆಟ್ಟಿಲಿಳಿದೆ. ಬಾಗಿಲಲ್ಲಿ ಅಜ್ಜಿ ಪಕ್ಕದ ಮನೆಯಾಕೆಗೆ ಹೇಳುತ್ತಿದ್ದಳು: "ಅಷ್ಟೊತ್ತಿಂದ ಕಾಯ್ತಾ ಕೂತವ್ನೆ. ಒಂದನ್ನೂ ಬಾಯಿಗಿಟ್ಟಿಲ್ಲ ನೋಡವ್ವ. ಅಕ್ಕ ಅಂದ್ರೆ ಅಷ್ಟು ಪ್ರಾಣ."

ಬಂದ ದಾರಿಯಲ್ಲೇ ವಾಪಸು ಮೆಟ್ಟಿಲು ಹತ್ತಿದೆ. ನನ್ನ ಮೇಲೆ ನನಗೇ ಬಂದ ಸಿಟ್ಟನ್ನು ಕಾಗೆಗಳ ಮೇಲೆ ತೀರಿಸಿಕೊಂಡೆ. ಗುರುವಾರ ಅಪ್ಪ ವಡೆಯ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ತುಮಕೂರಿನ ಬಸ್ಸು ಹತ್ತಿದರು. ಅಲ್ಲಿ ಬಸ್ಸು ಬದಲಿಸಿ ಕುಣಿಗಲ್ಲಿಗೆ ಹೋಗಬೇಕಿತ್ತು. ಕೈ ಬೀಸುವುದಕ್ಕೂ ನನಗೆ ಮನಸ್ಸು ಬರಲಿಲ್ಲ.

ಹೆರಿಗೆಗೆಂದು ಬಂದಾಗ ಅಕ್ಕನೇ ಹೇಳಿದಳು. ಅತ್ತೆಯ ಮನೆಯವರು ಆಡಿಕೊಂಡಾರೆಂದು ಡಬ್ಬಿಯನ್ನು ಬಟ್ಟೆಗಳ ಹಿಂದೆ ಬಚ್ಚಿಟ್ಟಿದ್ದಳಂತೆ. ಒಂದೊಂದೇ ವಡೆಯನ್ನು ನೀರಲ್ಲಿ ಅದ್ದಿ, ಉಪ್ಪು ತೊಳೆದು ತಿಂದಳಂತೆ. "ತವರಿಂದ ಬಂದಿದ್ದು, ಹೆಂಗೆ ಬಿಸಾಕ್ಲಿ" ಅಂದಳು.

"ನಾನೊಂದು ಹಿಡಿ ಹಾಕಿದ್ದೆ" ಅಂದಳು ಅಜ್ಜಿ. "ನಾನೂ ಹಾಕಿದ್ನಲ್ಲ ಅತ್ತೆ" ಅಂದಳು ಅಮ್ಮ. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಮೂರನೆಯ ಹಿಡಿ ನನ್ನದೆಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ. ಆದರೂ ನಾನು ಬಾಯಿ ಬಿಡಲಿಲ್ಲ.

ಹೋದ ಭಾನುವಾರ ತುಮಕೂರಿನ ನಮ್ಮ ಮನೆಯಲ್ಲಿ ಮೊಮ್ಮಕ್ಕಳನ್ನು ಕೂರಿಸಿಕೊಂಡು ಅದೇ ವಡೆ ಮಾಡಿದೆ. ಕುಟ್ಟಿದ್ದು ಮಿಕ್ಸಿಯಲ್ಲಿ, ಹಣ್ಣು ಮಾರ್ಕೆಟ್ಟಿನದು. ಚಿಕ್ಕ ಮೊಮ್ಮಗಳು ಬೆರಳದ್ದಿ ನೆಕ್ಕಿ, "ತಾತ, ಉಪ್ಪು ಜಾಸ್ತಿ ಹಾಕ್ಬಿಟ್ಟೆ" ಅಂದಳು. ಅಷ್ಟು ಸಲೀಸಾಗಿ ಹೇಳಿದ್ದು ಕಂಡು ನನಗೆ ಹೊಟ್ಟೆಕಿಚ್ಚೇ ಆಯಿತು. ಹಳೆಯ ಕಥೆಯನ್ನು ಅವರ ಮುಂದೆ ಬಿಚ್ಚಿದೆ. ಮುಗಿಸುವಷ್ಟರಲ್ಲಿ ಅವಳು ಅಕ್ಕನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿಬಿಟ್ಟಿದ್ದಳು.

"ದೊಡ್ಡಜ್ಜಿ, ನಿಮ್ಮ ವಡೆಗೆ ಉಪ್ಪು ಜಾಸ್ತಿ ಮಾಡಿದ್ದು ತಾತ ಅಂತೆ."

"ಯಾವ್ ವಡೆ ಕಣೇ?" ಅಂದಳು ಅಕ್ಕ. "ನಂಗೊಂದೂ ಗ್ಯಾಪಕಿಲ್ಲ."

ಮಕ್ಕಳು ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಇದನ್ನು ಓದುತ್ತಿರುವ ನೀವಾದರೆ ತಪ್ಪನ್ನು ಆಗಿಂದಾಗಲೇ ಹೇಳಿ, ಬೈಸಿಕೊಂಡು, ಊಟದ ಹೊತ್ತಿಗೆ ಮರೆತಿರುತ್ತೀರಿ. ನಾನು ಮಾತ್ರ ಒಂದು ಹಿಡಿ ಉಪ್ಪನ್ನು ಇಷ್ಟು ವರ್ಷ ಒಬ್ಬನೇ ಹೊತ್ತುಕೊಂಡು ತಿರುಗಿದೆ.