ಆರರ ತಂಗಿ

ಬೆಳಕು ಹರಿಯುವ ಹೊತ್ತಿಗೆ ಇಲ್ಲಿ ಕಾಡು ಕಾಣಿಸುವುದಿಲ್ಲ, ಮಂಜು ಕಾಣಿಸುತ್ತದೆ. ಒಂದೊಂದು ಕಣಿವೆಯಲ್ಲೂ ಅದು ಮಗ್ಗುಲಾಗಿ ಮಲಗಿದೆ. ಅದರ ಮೇಲೆ ಎಂಬತ್ತನಾಲ್ಕು ಮೆಟ್ಟಿಲಿನ ಕಬ್ಬಿಣದ ಗೋಪುರ, ಗೋಪುರದ ತುದಿಯಲ್ಲಿ ನಾಲ್ಕೂ ಕಡೆ ಗಾಜಿರುವ ಪುಟ್ಟ ಕೋಣೆ, ಕೋಣೆಯೊಳಗೆ ಉಣ್ಣೆಯ ಕಾಲುಚೀಲ ತೊಟ್ಟು ನಿಂತಿರುವ ಐವತ್ತೆರಡು ವರ್ಷದ ಒಬ್ಬ ಹೆಂಗಸು. ಒಂದು ಕೈಯಲ್ಲಿ ಚಹಾ ಲೋಟ, ಇನ್ನೊಂದರಲ್ಲಿ ದುರ್ಬೀನು. ತುಟಿ ಅಲ್ಲಾಡುತ್ತಿದೆ. ದೇವರ ಧ್ಯಾನ ಇರಬೇಕು ಎಂದುಕೊಂಡು ಹತ್ತಿರ ಹೋದರೆ ಕೇಳಿಸುವುದೇ ಬೇರೆ.

"ನೀನು ಮಂಜು. ನೀನೂ ಮಂಜೇ. ನೀನು... ಇರು, ಬಿಸಿಲು ಬರ್ಲಿ, ನಿನ್ನನ್ನ ಆಮೇಲೆ ವಿಚಾರಿಸ್ಕೋತೀನಿ."

ಇವರ ಕೆಲಸ ಕಾಡಿನಲ್ಲಿ ಹೊಗೆ ಎದ್ದರೆ ಮೊದಲು ನೋಡುವುದು. ವರ್ಷಕ್ಕೆ ಐದು ಒಣ ತಿಂಗಳು, ಬೆಳಗಿನ ಐದರಿಂದ ಸಂಜೆಯವರೆಗೆ, ಕಾಲು ಗಂಟೆಗೊಮ್ಮೆ ಕೋಣೆಯ ಸುತ್ತ ಒಂದು ಸುತ್ತು. ದಿನಕ್ಕೆ ಐವತ್ತಾರು ಸುತ್ತು. ಹೀಗೆ ಹತ್ತೊಂಬತ್ತು ವರ್ಷ. ಅಷ್ಟು ಸುತ್ತಿದರೂ ಎಲ್ಲಿಗೂ ಹೋಗಿಲ್ಲ ಎಂದು ಅವರೇ ನಗುತ್ತಾರೆ.

ಮಂಜನ್ನೂ ಹೊಗೆಯನ್ನೂ ಹೇಗೆ ಗುರುತಿಸುತ್ತೀರಿ ಎಂದರೆ ಉತ್ತರ ತುದಿನಾಲಗೆಯಲ್ಲಿದೆ. "ಮಂಜು ಸೋಮಾರಿ. ಬಿಸಿಲು ತಾಗಿದ ಮೇಲೆ ಮೆಲ್ಲಗೆ ಎದ್ದು, ಚೂರುಚೂರಾಗಿ ಎಲ್ಲೋ ಹೋಗ್ಬಿಡತ್ತೆ. ಹೊಗೆಗೆ ಬೇರು ಇರತ್ತೆ. ಮೇಲೆ ಎಷ್ಟೇ ಬಳುಕಾಡಿದ್ರೂ ಕೆಳಗೆ ಒಂದೇ ಜಾಗ ಕಚ್ಕೊಂಡಿರತ್ತೆ. ಬಣ್ಣ ಒಂಚೂರು ನೀಲಿ. ಆ ನೀಲಿ ನನಗೆ ಕನಸಲ್ಲೂ ಬರತ್ತೆ."

ಕಣಿವೆಯ ಕೆಳಗೊಂದು ಪಟ್ಟಣವಿದೆ. ಎಂಟು ಸಾವಿರ ಜನ. ಅವರಲ್ಲಿ ಹೆಚ್ಚಿನವರು ಇವರ ಮುಖ ನೋಡಿಲ್ಲ, ಆದರೂ ಇವರಿಗೊಂದು ಹೆಸರಿಟ್ಟಿದ್ದಾರೆ: ಕಿಟಕಿಯಕ್ಕ. ಕಾಡಿನ ಹೊಗೆ ಯಾವ ಕಡೆ ವಾಲುತ್ತಿದೆ, ಯಾವ ಹೊತ್ತಿಗೆ ಪಟ್ಟಣಕ್ಕೆ ಇಳಿಯಬಹುದು ಎಂದು ಗೋಪುರದಿಂದ ದಿನವೂ ವರದಿ ಹೋಗುತ್ತದೆ. ಅದು ಆರೋಗ್ಯ ಕೇಂದ್ರದ ನರ್ಸಮ್ಮನ ಕೈ ಸೇರಿ, ಬಾಗಿಲ ಬಳಿಯ ಹಲಗೆಯ ಮೇಲೆ 'ಕಿಟಕಿ ತೆರೆದಿಡಿ' ಅಥವಾ 'ಕಿಟಕಿ ಮುಚ್ಚಿ' ಎಂದಾಗುತ್ತದೆ. ಬಟ್ಟೆ ಒಣಹಾಕುವವರು, ಶಾಲೆಯ ಮೇಷ್ಟ್ರು, ಅಂಗಡಿಯವರು ಎಲ್ಲರೂ ಬೆಳಿಗ್ಗೆ ಒಮ್ಮೆ ಆ ಹಲಗೆಯ ಕಡೆ ಕತ್ತು ಹೊರಳಿಸುತ್ತಾರೆ. ಕಿಟಕಿಯಕ್ಕ ಇವತ್ತು ಏನಂದಳು ಎಂಬುದು ಅಲ್ಲಿ ಯೋಗಕ್ಷೇಮ ವಿಚಾರಿಸುವ ಮಾತೇ ಆಗಿಹೋಗಿದೆ.

ನರ್ಸಮ್ಮನ ಹತ್ತಿರ ಒಂದು ಪಟ್ಟಿ ಇದೆ. ಉಬ್ಬಸದವರು, ಹೃದಯದ ತೊಂದರೆ ಇರುವವರು, ಬಸುರಿಯರು, ಎಳೆ ಮಕ್ಕಳು, ವಯಸ್ಸಾದವರು ಸೇರಿ ಇನ್ನೂರ ಹದಿನಾಲ್ಕು ಹೆಸರು. ಹೊಗೆ ಬರುವ ಮೊದಲೇ ಅವರಿಗೆಲ್ಲ ಫೋನು ಹೋಗಬೇಕು. "ಮೂಗಿಗೆ ಒದ್ದೆ ಬಟ್ಟೆ ಕಟ್ಕೊಂಡ್ರೆ ಸಾಕು ಅಂತಾರೆ. ಸಾಕಾಗಲ್ಲ. ಕಣ್ಣಿಗೆ ಕಾಣದ ಧೂಳು ಅದರಲ್ಲಿ ನಿಲ್ಲಲ್ಲ, ನೇರ ಎದೆಗಿಳಿಯತ್ತೆ. ಒಂದು ಕೋಣೆ ಆರಿಸ್ಕೊಂಡು, ಸಂದುಗೊಂದು ಮುಚ್ಚಿ, ಒಳಗಿರಬೇಕು. ಅದಕ್ಕೆ ಎರಡು ಗಂಟೆ ಮೊದಲೇ ಗೊತ್ತಾಗಬೇಕು. ಆ ಎರಡು ಗಂಟೆ ಕೊಡೋದು ಅಕ್ಕ," ಎನ್ನುತ್ತಾರೆ ನರ್ಸಮ್ಮ.

ಪಟ್ಟಿಯ ಹದಿನೇಳನೆಯ ಹೆಸರು ಕಿಟಕಿಯಕ್ಕನ ಗಂಡನದು.

ಈ ಕಾಡಿಗೆ ಬೆಂಕಿ ಹಚ್ಚುವುದು ಬಹುಪಾಲು ಸಿಡಿಲು. ಹನಿ ನೀರಿಲ್ಲದೆ ಬರೀ ಗುಡುಗಿ, ಮಿಂಚಿ, ಹೊಡೆದು ಹೋಗುವ ಒಣ ಸಿಡಿಲು. ಅಂಥ ಹೊತ್ತಿನಲ್ಲಿ ಅಕ್ಕ ಗಾಜಿನ ಕಾಲುಗಳಿರುವ ಒಂದು ಸ್ಟೂಲಿನ ಮೇಲೆ ಹತ್ತಿ ಕೂರುತ್ತಾರೆ. ಗೋಪುರಕ್ಕೇ ಸಿಡಿಲು ಬಡಿದರೂ ಗಾಜು ಅದನ್ನು ಮೈಗೆ ಹತ್ತಲು ಬಿಡುವುದಿಲ್ಲವಂತೆ. ಮುಂದಿರುವ ದುಂಡು ಮೇಜಿನ ಮೇಲೆ ಕಾಡಿನ ನಕ್ಷೆ, ಅದರ ಸುತ್ತ ದಿಕ್ಕು ಅಳೆಯಲು ಡಿಗ್ರಿ ಬರೆದ ಹಿತ್ತಾಳೆಯ ಬಳೆ. ಸಿಡಿಲು ಬಿದ್ದ ಕಡೆಗೆಲ್ಲ ಒಂದು ಗುರುತು, ಒಂದು ನಂಬರು.

ಕೂಡಲೇ ಹೊತ್ತಿಕೊಂಡರೆ ಕಷ್ಟವಿಲ್ಲ. ಕಷ್ಟ ಕೊಡುವುದು ಮಲಗುವ ಬೆಂಕಿ. ಸಿಡಿಲು ಮರದ ಪೊಟರೆಯೊಳಗೆ ಇಳಿದು, ಹೊರಗೆ ಸುಳಿವು ಕೊಡದೆ, ಕೆಂಡವಾಗಿ ದಿನಗಟ್ಟಲೆ ಮಲಗಿರುತ್ತದೆ. ಯಾವುದೋ ಮಧ್ಯಾಹ್ನ ಗಾಳಿ ಬೀಸಿದಾಗ ಕಣ್ಣು ಬಿಡುತ್ತದೆ. "ಒಂದು ಹದಿನೆಂಟು ದಿನ ಮಲಗಿತ್ತು. ಅಷ್ಟು ದಿನ ನಾನು ಮಲಗಿಲ್ಲ," ಎನ್ನುತ್ತಾರೆ ಅಕ್ಕ.

ಮೂರು ದಿನದ ಹಿಂದೆ ಅಂಥದ್ದೇ ಒಣ ಸಿಡಿಲು ನಲವತ್ತು ನಿಮಿಷ ಆಡಿ ಹೋಗಿದೆ. ಒಂಬತ್ತು ಗುರುತು. ಒಂದು, ಮೂರು, ನಾಲ್ಕನ್ನು ಬೆಂಕಿ ದಳದವರು ನಂದಿಸಿದ್ದಾರೆ. ಎರಡು ಮತ್ತು ಐದು ಬಂಡೆಯ ಸಾಲಿನಾಚೆ ಮೆಲ್ಲಗೆ ಉರಿಯುತ್ತಿವೆ. ಅವನ್ನು ಬೇಕೆಂದೇ ಬಿಟ್ಟಿದ್ದಾರೆ, ಒಣ ತರಗೆಲೆ ಈಗಲೇ ಉರಿದುಹೋದರೆ ಮುಂದೆ ದೊಡ್ಡ ಬೆಂಕಿಗೆ ಮೇವಿರುವುದಿಲ್ಲ. ಎಂಟು, ಒಂಬತ್ತು ಬರೀ ಕಲ್ಲಿಗೆ ಬಡಿದು ಹಲ್ಲು ಮುರಿದುಕೊಂಡವು. ಇನ್ನು ಆರು? ಪುಸ್ತಕದಲ್ಲಿ ಅಕ್ಕ ಬರೆದಿರುವುದು ಎರಡೇ ಪದ: 'ಆರು ಆರಿದೆ.' ಓದಿ ತೋರಿಸಿ ಒಬ್ಬರೇ ಕಿಸಕ್ಕೆಂದು ನಗುತ್ತಾರೆ.

ಉಳಿದದ್ದು ಒಂದು. ಪುಸ್ತಕದಲ್ಲಿ ಅದಕ್ಕೆ ನಂಬರಿಲ್ಲ. 'ಆರರ ತಂಗಿ' ಎಂದಿದೆ. ಮುಂದೆ 'ಮಲಗಿದ್ದಾಳೆ' ಎಂದಿದೆ.

ಬೆಂಕಿಗೆ ಅಕ್ಕತಂಗಿಯರ ನಂಟು ಬಂದ ಕಥೆಗೆ ಹನ್ನೊಂದು ವರ್ಷವಾಗಿದೆ. ಆಗ ಕೆಳಗಿನ ದಳದ ಕಚೇರಿಯಲ್ಲಿ ವೈರ್‌ಲೆಸ್ ನೋಡಿಕೊಳ್ಳುತ್ತಿದ್ದವರು ಮಹಾ ನಿದ್ದೆಬುರುಕರು. ಈಗಲೂ ಆ ಕುರ್ಚಿಯಲ್ಲಿ ಇರುವವರು ಅವರೇ. ಎಲ್ಲರೂ ಕರೆಯುವಂತೆ ವೈರ್‌ಲೆಸ್ ಅಣ್ಣ. ದಿನಾ ಬೆಳಿಗ್ಗೆ ಅವರನ್ನು ಎಬ್ಬಿಸುವುದು ಅಕ್ಕನಿಗೊಂದು ಆಟ. ಗುಂಡಿ ಒತ್ತಿ "ಏಳು! ಏಳು!" ಎಂದು ಕೂಗಿದರೆ ಅತ್ತಲಿಂದ "ಎದ್ದೆ ಅಕ್ಕ" ಎಂಬ ಆಕಳಿಕೆ.

ಒಂದು ಬೆಳಿಗ್ಗೆ, ಆ ವರ್ಷದ ಏಳನೆಯ ಗುರುತಿನಲ್ಲಿ ನೀಲಿ ಎಳೆ ಕಂಡಿತು. ಅಕ್ಕ ಗಾಬರಿಯಲ್ಲಿ ಗುಂಡಿ ಒತ್ತಿದರು.

"ಏಳು! ಏಳು!"

"ಎದ್ದೆ ಅಕ್ಕ, ಹೊರಟೆ," ಎಂದಿತು ಅತ್ತಲ ದನಿ.

ದಳ ಹೊರಟಿತು ಎಂದುಕೊಂಡು ಅಕ್ಕ ಡಿಗ್ರಿ ಅಳೆಯಲು ಬಗ್ಗಿದರು. ಅವರು ಹೊರಟದ್ದು ಸ್ನಾನಕ್ಕೆ. ನಲವತ್ತು ನಿಮಿಷ ಕೈತಪ್ಪಿಹೋಯಿತು. ಅಷ್ಟರಲ್ಲಿ ಗಾಳಿ ಎದ್ದಿತ್ತು. ಬೆಂಕಿ ಒಂಬತ್ತು ದಿನ ಉರಿಯಿತು, ಪಟ್ಟಣ ಒಂಬತ್ತು ದಿನ ಸೂರ್ಯನನ್ನು ತಾಮ್ರದ ತಟ್ಟೆಯ ಹಾಗೆ ನೋಡಿತು. ಬೆಂಕಿ ದಾಟದಂತೆ ಅಡ್ಡವಾಗಿ ನೆಲ ಕೆರೆದು ಬಯಲು ಮಾಡುತ್ತಿದ್ದವರ ಸಾಲಿನಲ್ಲಿ ಮುಂದೆ ನಿಂತಿದ್ದವರು ಅಕ್ಕನ ಗಂಡ, ಮೂಗಿಗೆ ಒಂದು ಟವೆಲು ಕಟ್ಟಿಕೊಂಡು. ಅವರ ಎದೆ ಮತ್ತೆ ಮೊದಲಿನಂತಾಗಲಿಲ್ಲ.

ವಿಚಾರಣೆ ನಡೆದು ಒಂದು ಸಾಲು ಬರೆದರು: 'ಸಂದೇಶ ತಲುಪುವಲ್ಲಿ ಲೋಪ.' ಯಾರೂ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಅಕ್ಕ, ಗಾಜು ಒರೆಸುತ್ತಾ, ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಾ. "ಒಂದೇ ಒಂದು ಮಾತು. ನಂಬರ್ ಏನು, ಡಿಗ್ರಿ ಎಷ್ಟು ಅಂತ ನೆಟ್ಟಗೆ ಹೇಳಿದ್ರೆ ಮುಗೀತಿತ್ತು. ಆಟದ ಮಾತು ಬಾಯಿಗೆ ರೂಢಿಯಾಗಿತ್ತು."

ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡು ಗಂಡನೇ ಈ ಹೆಸರು ಹುಡುಕಿಕೊಟ್ಟರು. ಹೆಂಡತಿಯ ಮುಖದಲ್ಲಿ ನಗು ಕಂಡು ತಿಂಗಳಾಗಿತ್ತು. "ಆ ನಂಬರ್ ಬೇಡ ಅಂದ್ರೆ ಬಿಡು. ಆರರ ತಂಗಿ ಅನ್ನು," ಎಂದರಂತೆ, ಮೂರು ಸಲ ಉಸಿರೆಳೆದುಕೊಂಡು. ಅಂದಿನಿಂದ ಅಕ್ಕ ಆ ಪದವನ್ನು ಬಾಯಿ ಬಿಟ್ಟು ಆಡಿಲ್ಲ. ಬೆಳಗಿನ ಆ ಗಂಟೆಗೆ ಸಮಯ ಕೇಳಿದರೆ "ಎಂಟಕ್ಕೆ ಒಂದು ಗಂಟೆ ಇದೆ" ಎನ್ನುತ್ತಾರೆ. ಮನೆಗೆ ಹೋದಾಗ ಗಂಡನನ್ನು ಭುಜ ಮುಟ್ಟಿ ಎಬ್ಬಿಸುತ್ತಾರೆ. ವೈರ್‌ಲೆಸ್ ಅಣ್ಣನೂ ಬದಲಾಗಿದ್ದಾರೆ. ನಾಲ್ಕೂವರೆಗೇ ಎದ್ದು ಕೂರುತ್ತಾರೆ, ಹೇಳಿದ ಪ್ರತಿ ಮಾತನ್ನೂ ತಿರುಗಿ ಒಪ್ಪಿಸುತ್ತಾರೆ.

ಈ ಬಾರಿಯ ಆರರ ತಂಗಿ ಮಲಗಿರುವ ಜಾಗ ಚೆನ್ನಾಗಿಲ್ಲ. ಪಟ್ಟಣದ ನೆತ್ತಿಯ ಮೇಲೆ ಒಂದು ಕಮರಿ, ಅದರ ಮೇಲ್ತುದಿಯ ಬಾಯಲ್ಲಿ ಒಂದು ಮುದಿ ಮರ. ದಳದವರು ಎರಡು ಸಲ ಹತ್ತಿ ಹುಡುಕಿದರೂ ಯಾವ ಬೊಡ್ಡೆಯೂ ಕೈಗೆ ಬಿಸಿ ತಾಗಲಿಲ್ಲ. ಹಗಲು ಗಾಳಿ ಮೇಲಕ್ಕೆ ಏರುತ್ತದೆ. ಹೊತ್ತು ಮುಳುಗಿದ ಮೇಲೆ ತಣ್ಣಗಾಗಿ ಅದೇ ಕಮರಿಯಲ್ಲಿ ಕೆಳಗಿಳಿಯುತ್ತದೆ, ಹೊಗೆಯಿದ್ದರೆ ಅದನ್ನೂ ಕರೆದುಕೊಂಡು. ಅಲ್ಲಿಂದ ಹೊಗೆ ಪಟ್ಟಣದ ಮೊದಲ ಬೀದಿ ಮುಟ್ಟಲು ಅರ್ಧ ಗಂಟೆ. ಆ ಬೀದಿಯ ಮೂರನೇ ಮನೆ ಅಕ್ಕನದು. ಇನ್ನೊಂದು ರಾತ್ರಿಯ ಹೊಗೆ ಆ ಎದೆ ತಾಳುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ.

ಮಧ್ಯಾಹ್ನ ಊಟದ ಹೊತ್ತಿಗೆ ಗಂಡನ ಫೋನು ಬರುತ್ತದೆ. ಅಕ್ಕ ಕೇಳುವುದು ಮಾತನ್ನಲ್ಲ, ಮಾತಿನ ನಡುವಿನ ಸಂದನ್ನು. "ಒಂದು ಉಸಿರಿಗೆ ಎಷ್ಟು ಪದ ಆಡ್ತಾರೆ ಅಂತ ಎಣಿಸ್ತೀನಿ. ಒಳ್ಳೆ ದಿನ ಒಂಬತ್ತು, ಹತ್ತು. ಹೊಗೆ ಬಂದ ದಿನ ಮೂರು." ಇವತ್ತು ಐದು. "ಕಿಟಕಿ ಎಲ್ಲಾ ನಾನು ಮುಚ್ಚಿದೀನಿ, ನೀನು... ಕಣ್ಣು ಮುಚ್ಚಬೇಡ," ಎಂದು ನಗುತ್ತಾರೆ ಅವರು.

ಮೂರು ಗಂಟೆ ಹತ್ತು ನಿಮಿಷ. ನಲವತ್ತೊಂದನೆಯ ಸುತ್ತು. ಕಾಡೆಲ್ಲ ಬಿಸಿಲಿಗೆ ತೂಕಡಿಸುತ್ತಿದೆ, ಕೋಣೆಯಲ್ಲಿ ಗಡಿಯಾರ ಬಿಟ್ಟರೆ ಸದ್ದಿಲ್ಲ. ಅಕ್ಕನ ಹೆಜ್ಜೆ ನಿಲ್ಲುತ್ತದೆ. ಕಮರಿಯ ಬಾಯಲ್ಲಿ, ಯಾರೋ ಸೂಜಿಗೆ ಪೋಣಿಸಲು ಹಿಡಿದ ದಾರದಷ್ಟು, ಒಂದು ನೀಲಿ. ದುರ್ಬೀನು ಕಣ್ಣಿಗೆ ಹೋಗುತ್ತದೆ. ದಾರ ಬಳುಕುತ್ತದೆ, ಬುಡ ಅಲ್ಲಾಡುವುದಿಲ್ಲ.

"ಆರರ ತಂಗಿ ಎದ್ದಿದ್ದಾಳೆ. ಇನ್ನೂರ ಹನ್ನೆರಡು ಡಿಗ್ರಿ, ಕಮರಿಯ ಬಾಯಿ, ಮುದಿ ಮರ. ದಳ ಹೊರಡಲಿ."

"ಆರರ ತಂಗಿ ಎದ್ದಿದ್ದಾಳೆ. ಇನ್ನೂರ ಹನ್ನೆರಡು, ಕಮರಿಯ ಬಾಯಿ, ಮುದಿ ಮರ. ದಳ ಹೊರಡ್ತಿದೆ, ನಾನು ನೋಡ್ತಾ ಇದೀನಿ, ಒಂಬತ್ತು ಜನ ಗಾಡಿ ಹತ್ತಿದ್ರು," ಎನ್ನುತ್ತಾರೆ ವೈರ್‌ಲೆಸ್ ಅಣ್ಣ. ಅವರ ದನಿಯಲ್ಲಿ ನಿದ್ದೆಯ ಸುಳಿವಿಲ್ಲ.

ಗಾಡಿ ಹೋಗುವುದು ಕಮರಿಯ ಬುಡದವರೆಗೆ. ಅಲ್ಲಿಂದ ನಡಿಗೆ, ಒಂದೂವರೆ ಗಂಟೆ ಏರು. ಸೂರ್ಯ ಮುಳುಗಲು ಮೂರೂವರೆ ಗಂಟೆ ಉಳಿದಿದೆ. ಹಲಗೆಯ ಮೇಲೆ 'ಕಿಟಕಿ ಮುಚ್ಚಿ' ಬೀಳುತ್ತದೆ, ಇನ್ನೂರ ಹದಿನಾಲ್ಕು ಫೋನು ಹೊರಡುತ್ತವೆ. ಅಕ್ಕನಿಗೆ ಇನ್ನು ಮಾಡಲು ಏನೂ ಇಲ್ಲ. ಈ ಕೆಲಸದ ನಿಜವಾದ ಹಿಂಸೆ ಅದೇ: ಎಲ್ಲ ಕಾಣುತ್ತದೆ, ಯಾವುದೂ ಕೈಗೆಟುಕುವುದಿಲ್ಲ. ದಾರ ಹಗ್ಗವಾಗುತ್ತದೆ. ಹಗ್ಗ ದಪ್ಪಗಾಗುತ್ತದೆ. ಚಹಾ ಲೋಟದಲ್ಲೇ ತಣ್ಣಗಾಗುತ್ತದೆ.

ಸಂಜೆ ಐದು ದಾಟಿದ ಮೇಲೆ, ದಳದವರು ಕಡಿದ ಮರ ಬೀಳುವುದು ದುರ್ಬೀನಿನಲ್ಲಿ ಕಾಣುತ್ತದೆ, ಸದ್ದಿಲ್ಲದೆ, ನಿಧಾನವಾಗಿ. ನೀಲಿ ಒಮ್ಮೆ ಕಪ್ಪಾಗಿ ಉಬ್ಬುತ್ತದೆ. ಅಕ್ಕ ಮೇಜಿನ ಹಿತ್ತಾಳೆ ಬಳೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಆಮೇಲೆ ಕಪ್ಪು ಬೂದುಬಣ್ಣವಾಗುತ್ತದೆ, ಬೂದು ಬೆಳ್ಳಗಾಗುತ್ತದೆ. ಬಿಳಿ ಎಂದರೆ ನೀರಿನ ಹಬೆ. ಸೂರ್ಯ ಗುಡ್ಡದ ಅಂಚಿಗೆ ತಾಗುವಾಗ ಕಮರಿಯಲ್ಲಿ ಏನೂ ಇಲ್ಲ. ಇಷ್ಟಕ್ಕೆ ಆರಿತೆಂದು ಪುಸ್ತಕದಲ್ಲಿ ಬರೆಯುವಂತಿಲ್ಲ. ದಳದವರು ರಾತ್ರಿ ಅಲ್ಲೇ ಕಾದು, ಬೆಳಿಗ್ಗೆ ಬೂದಿಯನ್ನು ಕೈಯಿಂದ ಮುಟ್ಟಿ ತಣ್ಣಗಿದೆ ಎನ್ನಬೇಕು.

ಮತ್ತೆ ಬೆಳಗು. ಕಣಿವೆಗಳಲ್ಲಿ ಮತ್ತೆ ಮಂಜು. ಮೊದಲ ಸುತ್ತು ಮುಗಿಯುವಷ್ಟರಲ್ಲಿ ಗಂಡನ ಫೋನು. "ಕಿಟಕಿ ತೆಗೆದು ನಿಂತಿದೀನಿ, ಗಾಳಿ ತೊಳೆದಿಟ್ಟ ಹಾಗಿದೆ, ನೀನೂ ಇನ್ನು ಸ್ವಲ್ಪ ಹೊತ್ತು ಕೂತ್ಕೋ." ಅಕ್ಕ ಬೆರಳು ಮಡಚಿ ಎಣಿಸುತ್ತಾರೆ. ಹನ್ನೊಂದು. ಎಲ್ಲೂ ಸಂದಿಲ್ಲ. ಫೋನಿಟ್ಟು, ಗಾಜಿನ ಕಡೆ ಮುಖ ಮಾಡಿ ಕಣ್ಣು ಒರೆಸಿಕೊಳ್ಳುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂದರೆ ಒಂದು ಹೇಳುತ್ತಾರೆ. "ಮಳೆ ಬಿದ್ದ ಮೇಲೆ ಮನೆಗೆ ಹೋಗ್ತೀನಲ್ಲ, ಆಗ ಬೆಳಿಗ್ಗೆ ನಮ್ಮನೆಯವರನ್ನ ಎಲ್ಲರ ಹಾಗೆ ಬಾಯಲ್ಲಿ ಕರೆದು ಎಬ್ಬಿಸಬೇಕು. ಅಷ್ಟೇ."

ಅಷ್ಟರಲ್ಲಿ ಕಮರಿಯಿಂದ ಸುದ್ದಿ ಬರುತ್ತದೆ: ಬೂದಿ ತಣ್ಣಗಿದೆ. ಅಕ್ಕ ಪುಸ್ತಕ ಎಳೆದುಕೊಳ್ಳುತ್ತಾರೆ. 'ಆರರ ತಂಗಿ' ಎಂಬುದರ ಮೇಲೆ ಪೆನ್ನು ಒಂದು ಕ್ಷಣ ನಿಲ್ಲುತ್ತದೆ, ಆಮೇಲೆ ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಒಂದು ಅಂಕಿ ಬರೆಯುತ್ತದೆ. ಗುಂಡಿ ಒತ್ತಿ, ಹನ್ನೊಂದು ವರ್ಷದ ಮೇಲೆ ಆ ಪದವನ್ನು ಹೇಳುತ್ತಾರೆ.

"ಏಳು... ಆರಿದೆ."

ಪ್ರತಿ ಮಾತನ್ನೂ ತಿರುಗಿ ಒಪ್ಪಿಸುವ ವೈರ್‌ಲೆಸ್ ಅಣ್ಣ ಈ ಒಂದನ್ನು ಒಪ್ಪಿಸುವುದಿಲ್ಲ. ಅತ್ತಲಿಂದ ಒದ್ದೆಯಾದ ಒಂದು ದನಿ ಬರುತ್ತದೆ.

"ಎದ್ದೇ ಇದೀನಿ ಅಕ್ಕ."