ಎದುರುಮನೆ ಕಾಕಾರ ಕಾರು

ಮೊನ್ನೆ ಅಬ್ಬಿಗೆರೆಯ ಗುಜರಿ ಅಂಗಡಿಯ ಮುಂದೆ ಹೋಗುವಾಗ ಬಿಸಿಲಿಗೆ ಕಾದ ಹಳೇ ಚರ್ಮದ ಸೀಟಿನ ವಾಸನೆ ಮೂಗಿಗೆ ಬಡಿಯಿತು. ಜೊತೆಗೆ ಒಂದಿಷ್ಟು ಪೆಟ್ರೋಲಿನದೂ. ಹನ್ನೆರಡು ವರ್ಷದ ಹಿಂದೆ ಸಹಕಾರನಗರದಲ್ಲಿ ನಮ್ಮೆದುರು ಮನೆಯಲ್ಲಿದ್ದ ಕಾಕಾ ನೆನಪಾದರು...

ಧಾರವಾಡದ ಕಡೆಯವರು. ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡಿ ನಿವೃತ್ತರಾಗಿದ್ದರು. ಹರೆಯದಿಂದಲೂ ಇಂಗ್ಲೆಂಡಿನ ಹಳೇ ಕಾರುಗಳ ಹುಚ್ಚು. ಒಂದನ್ನು ಕೊಂಡು, ರಿಪೇರಿ ಮಾಡಿ, ಓಡಿಸಿ, ಇನ್ನೊಂದಕ್ಕೆ ಕೈಹಾಕುತ್ತಿದ್ದರಂತೆ. ನಾನು ನೋಡಿದ್ದು ಕೊನೆಯದನ್ನು. ಆಮೆಯ ಬೆನ್ನಿನ ಹಾಗೆ ಗುಂಡಗಿದ್ದ ತಿಳಿ ಹಸಿರು ಕಾರು. ಎಲ್ಲೂ ಸಿಗದ ಬಿಡಿಭಾಗಗಳನ್ನು ತಾವೇ ಮಾಡಿ ಕೂರಿಸುತ್ತಿದ್ದರು. ಬೇರೆ ಮೆಕ್ಯಾನಿಕ್ ಬಾನೆಟ್ ಮುಟ್ಟುವಂತಿರಲಿಲ್ಲ.

ನನಗೆ ಹೆರಿಗೆ ನೋವು ಶುರುವಾದದ್ದು ಬಂದ್ ಇದ್ದ ದಿನ, ಮಧ್ಯಾಹ್ನ. ಗಂಡ ಊರಲ್ಲಿರಲಿಲ್ಲ. ಆಟೋ ಇಲ್ಲ, ಆಂಬ್ಯುಲೆನ್ಸ್ ಎಲ್ಲೋ ಸಿಕ್ಕಿಹಾಕಿಕೊಂಡಿತ್ತು. ಗೇಟಿನ ಹತ್ತಿರ ಅಮ್ಮ ಗಾಬರಿಯಲ್ಲಿ ಕೂಗಾಡುವುದನ್ನು ಕೇಳಿ ಕಾಕಾ ಕಾರು ತೆಗೆದರು. ಹೆಬ್ಬಾಳದ ಆಸ್ಪತ್ರೆಗೆ ತಲುಪಿಸಿದರು. ಸಂಜೆಗೆ ಮಗಳು ಹುಟ್ಟಿದಳು.

ಮನೆಗೆ ಮರಳಿದಾಗ ಅವರ ಕಾಂಪೌಂಡು ಖಾಲಿ. ಕಾರನ್ನು ಚಿಕ್ಕಜಾಲದ ಯಾರಿಗೋ ಕೊಟ್ಟುಬಿಟ್ಟಿದ್ದರು. ಓಡಿಸಿಕೊಂಡು ಹೋಗಲು ಬಿಡದೆ, ಲಾರಿಗೆ ಹತ್ತಿಸಿ ಕಳಿಸಿದರಂತೆ. ಬೀದಿಯಲ್ಲಿ ಯಾರಿಗೂ ಕಾರಣ ತಿಳಿಯಲಿಲ್ಲ.

ಮಗು ನೋಡಲು ಬಂದ ಕಾಕಾ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಾವಾಗಿಯೇ ಹೇಳಿದರು.

"ತಂಗಿ, ಅವತ್ತ ಹೆಬ್ಬಾಳದ ಇಳಿಜಾರಿನ್ಯಾಗ ಬ್ರೇಕ್ ಹತ್ತಲಿಲ್ಲ. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಜಗ್ಗಿ ನಿಲ್ಲಿಸ್ದೆ. ನೀ ಕಣ್ಣು ಮುಚ್ಚಿದ್ದಿ."

"ಮೊದಲೇ ಗೊತ್ತಿತ್ತಾ ಕಾಕಾ?"

"ಬ್ರೇಕ್ ಸ್ವಲ್ಪ ಮೆತ್ತಗ ಅನಸಿತ್ತು. ನನ್ನ ಕೈಯಾಗಿನ ಗಾಡಿ, ಸಂಭಾಳಿಸ್ತೀನಿ ಅಂದ್ಕೊಂಡೆ..."

ಅಳ್ತಿದಾಳೆ ಅಂತ ಮಗುವನ್ನು ಅವರ ತೊಡೆಯಿಂದ ಎತ್ತಿಕೊಂಡೆ. ನಿಜವಾಗಿ ಅತ್ತಿದ್ದಳೋ ಇಲ್ಲವೋ, ಈಗಲೂ ನೆನಪಾಗುತ್ತಿಲ್ಲ. ಕಾಕಾ ಖಾಲಿ ಕೈಗಳನ್ನು ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದು ಮಾತ್ರ ನೆನಪಿದೆ. ಆಮೇಲೆ ಅವರು ನಮ್ಮ ಮನೆಗೆ ಬರಲಿಲ್ಲ. ಕರೆಯಬೇಕು ಅನ್ನಿಸಿತ್ತು. ಕರೆಯಲಿಲ್ಲ. ಅಷ್ಟರಲ್ಲಿ ನಾವು ಅಬ್ಬಿಗೆರೆಗೆ ಬಂದೆವು.

ಈ ಭಾನುವಾರ ಮಗಳಿಗೆ ಎಲ್ಲ ಹೇಳಿ, ಅವಳನ್ನು ಕಾಕಾರ ಮನೆಗೆ ಕರೆದುಕೊಂಡು ಹೋದೆ. ಬಾಗಿಲು ತೆಗೆದ ಅವರ ಹೆಂಡತಿ, ಕಾಕು, ಒಳಗೆ ಕೂರಿಸಿ, ಕಾಕಾ ತೀರಿಕೊಂಡು ನಾಲ್ಕು ತಿಂಗಳಾಯಿತು ಅಂದರು. ಮಗಳ ಕೆನ್ನೆ ಸವರಿದರು. "ಇಕಿನ ಅಲ್ಲೇನು? ಆ ಕೂಸು ಎಷ್ಟು ದೊಡ್ಡಾಕಿ ಆಗ್ಯಾಳೋ ಅಂತ ಯಾವಾಗ್ಲೂ ಕೇಳತಿದ್ರು."

ವಾಪಸ್ ಬರುವಾಗ ಆಟೋದಲ್ಲಿ ಮಗಳು ಕೇಳಿದಳು: "ನೀನು ಅವರಿಗೆ ಥ್ಯಾಂಕ್ಸ್ ಹೇಳಕ್ಕೆ ಹೋಗಿದ್ದಾ ಅಮ್ಮ, ಜಗಳ ಆಡಕ್ಕಾ?"

"ಗೊತ್ತಿಲ್ಲ ಕಣೇ" ಅಂದೆ. ಸುಳ್ಳಲ್ಲ. ಅವರ ಮುಖ ನೋಡಿದ್ದರೆ ಬಾಯಿಗೆ ಯಾವುದು ಬರುತ್ತಿತ್ತೋ... ಈಗ ಅದು ನನಗೂ ತಿಳಿಯುವುದಿಲ್ಲ.