ಮರ ಮಾತಾಡಬೇಕು, ಡಬ್ಬ ಕಾಣಬಾರದು

ಮೇ ತಿಂಗಳ ಮೊದಲ ಮಂಗಳವಾರ, ಬೆಳಗಿನ ಐದೂಮುಕ್ಕಾಲು. ಡೆನ್ಮಾರ್ಕಿನ ಹಾಸೆಲುಂಡ್ ಎಂಬ, ಮಕ್ಕಳ ಕತೆಗಳ ಉದ್ಯಾನದ ಗೇಟು ತೆರೆಯಲು ಇನ್ನೂ ನಾಲ್ಕು ಗಂಟೆಯಿದೆ. ಕಾರ್ನಾ ಥೋರ್ಸೊ ಬೀಚ್ ಎಂಬ ಜಾತಿಯ ಒಂದು ಹಳೆಯ ಮರದ ಮುಂದೆ ಒದ್ದೆ ಹುಲ್ಲಿನಲ್ಲಿ ಮೊಣಕಾಲೂರಿದ್ದಾರೆ. ಮೊಣಕಾಲ ಕೆಳಗೆ ರಬ್ಬರ್ ದಿಂಬು, ಕೈಯಲ್ಲೊಂದು ಕೋಲು. ಕೋಲಿನ ಎಂಬತ್ತೆಂಟನೇ ಸೆಂಟಿಮೀಟರಿನಲ್ಲಿ ಕೆಂಪು ಗೆರೆಯಿದೆ. ಆ ಗೆರೆಯ ಮಟ್ಟಕ್ಕೆ ಕಣ್ಣು ತಂದು ಅವರು ಮುಂದೆ ನೋಡುತ್ತಾರೆ.

"ಮೂರು ವರ್ಷದ ಮಗುವಿನ ಕಣ್ಣು ಇರೋದು ಇಲ್ಲಿ. ನಿನ್ನ ಎತ್ತರದಿಂದ ನೋಡಿದ್ರೆ ಎಲ್ಲಾ ಚೆನ್ನಾಗೇ ಕಾಣುತ್ತೆ. ಮೋಸ ಗೊತ್ತಾಗೋದು ಕೆಳಗಿಂದ," ಎಂದು ಅವರ ಕೆಲಸ ನೋಡಲು ಬಂದ ನನಗೆ ಹೇಳುತ್ತಾರೆ.

ಮರದ ಪಕ್ಕದಲ್ಲೊಂದು ಮೋಟು ಬೊಡ್ಡೆ ಇದೆ. ಪಾಚಿ, ಬಿರುಕು, ಒಂದು ಕಡೆ ಗಂಟು ಉದುರಿದ ತೂತು. ಮುಟ್ಟಿದರೆ ಮಾತ್ರ ಅದು ಮರವಲ್ಲ, ಗಾರೆ ಮತ್ತು ಬಣ್ಣ ಎಂದು ತಿಳಿಯುತ್ತದೆ. ಒಳಗೆ ಒಂದು ಸ್ಪೀಕರ್ ಇದೆ. ಆ ತೂತು ಸದ್ದು ಹೊರಬರಲು ಕಾರ್ನಾ ಕೊರೆದದ್ದು. ಈಗ ಕಪ್ಪು ತಲೆಯ, ಹಳದಿ ಎದೆಯ ಪುಟ್ಟ ಹಕ್ಕಿಯೊಂದು ಕೊಕ್ಕಿನಲ್ಲಿ ಕೂದಲ ಎಳೆ ಕಚ್ಚಿಕೊಂಡು ಬಂದು ಆ ತೂತಿನೊಳಗೆ ಹೋಗುತ್ತದೆ. ಹೊರಗೆ ಬರುವುದಿಲ್ಲ.

ಕಾರ್ನಾ ಕೋಲು ಕೆಳಗಿಡುತ್ತಾರೆ. "ಅಯ್ಯೋ, ನಿನ್ನನ್ನ ಯಾರು ಕರೆದ್ರು?"

ಈ ಬೀಚ್ ಮರದ ಕೊಂಬೆಗಳಲ್ಲಿ ಎಲೆಗಿಂತ ಹೆಚ್ಚಾಗಿ ನಿಪ್ಪಲ್‌ಗಳಿವೆ. ಮಕ್ಕಳು ಬಾಯಲ್ಲಿಟ್ಟು ಚೀಪುವ ರಬ್ಬರ್ ನಿಪ್ಪಲ್‌ಗಳು, ಬಣ್ಣದ ರಿಬ್ಬನ್ನಿನಲ್ಲಿ ಗೊಂಚಲು ಗೊಂಚಲಾಗಿ. ಡೆನ್ಮಾರ್ಕಿನ ಊರೂರಲ್ಲೂ ಇಂಥದೊಂದು ಮರವಿರುತ್ತದೆ. ಚೀಪುವ ಚಟ ಬಿಡಿಸಲು ಮೂರು ತುಂಬಿದ ಮಗುವನ್ನು ಕರೆತಂದು, ಅದರ ಕೈಯಿಂದಲೇ ನಿಪ್ಪಲನ್ನು ಮರಕ್ಕೆ ಕೊಡಿಸುತ್ತಾರೆ. ಕೆಲವಕ್ಕೆ ಚೀಟಿಯೂ ಕಟ್ಟಿರುತ್ತದೆ. 'ಮರವೇ, ಇದನ್ನ ತೊಳೆದಿದ್ದೀವಿ. ಚಳಿಯಾದರೆ ಎಲೆ ಹೊದಿಸು' ಎಂದು ಒಂದರಲ್ಲಿದೆ. ಹಾಸೆಲುಂಡ್‌ನಲ್ಲಿ ಮರ ಉತ್ತರವನ್ನೂ ಕೊಡುತ್ತದೆ: "ಕೊಟ್ಟಿದ್ದಕ್ಕೆ ಸಂತೋಷ. ಜೋಪಾನವಾಗಿ ಇಟ್ಕೋತೀನಿ." ಮೇ ತಿಂಗಳ ಮೊದಲ ಶನಿವಾರ ನಿಪ್ಪಲ್ ಕೊಡುವ ದಿನ. ಅಂದು ನೂರೈವತ್ತು ಮಕ್ಕಳಾದರೂ ಬರುತ್ತಾರೆ. ಈ ಸಲದ ಶನಿವಾರಕ್ಕೆ ಉಳಿದಿರುವುದು ನಾಲ್ಕು ದಿನ. ಹಕ್ಕಿ ಕಾವು ಕೂತು, ಮರಿ ಹಾರುವಷ್ಟರಲ್ಲಿ ಐದು ವಾರ.

ಉದ್ಯಾನದ ಮೇಲ್ವಿಚಾರಕ ಎಸ್ಬೆನ್ ಎಂಟು ಗಂಟೆಗೆ ಬಂದು ದೂರದಿಂದಲೇ ನೋಡುತ್ತಾನೆ. ಮೂವತ್ತರ ಹರೆಯದವನು. ಕೆಟ್ಟವನಲ್ಲ.

"ಗೂಡು ಮುಟ್ಟೋ ಹಾಗಿಲ್ಲ. ಕಾನೂನು," ಅನ್ನುತ್ತಾನೆ. "ಸ್ಪೀಕರ್ ಆಫ್ ಮಾಡ್ಸು. ಕಂಬ ನೆಟ್ಟು ಅದಕ್ಕೆ ಇನ್ನೊಂದು ಸ್ಪೀಕರ್ ಹಾಕೋಣ."

"ಬೂದು ಡಬ್ಬ."

"ಐದು ವಾರ ಬೂದು ಡಬ್ಬ. ಮಕ್ಕಳು ಅದನ್ನೆಲ್ಲ ನೋಡಲ್ಲ, ಕಾರ್ನಾ."

"ಮತ್ತೆ ಏನನ್ನ ನೋಡ್ತಾರೆ, ನಿನ್ನ ಟೈನಾ?"

ಎಸ್ಬೆನ್ ನಗುತ್ತಾನೆ. ಕಾರ್ನಾ ನಗುವುದಿಲ್ಲ. "ಮಗು ಹತ್ರ ಇರೋದು ಆ ನಿಪ್ಪಲ್ ಒಂದೇ. ಅದನ್ನೇ ಕೊಡೋಕೆ ಬರುತ್ತೆ. ಕೊಟ್ಟಿದ್ದು ಮರಕ್ಕೆ ಅಂದ್ಕೊಂಡಿರುತ್ತೆ. ತಲೆ ಎತ್ತಿದ್ರೆ ಡಬ್ಬ ಮಾತಾಡ್ತಿರುತ್ತೆ. ಮನೆಗೆ ಹೋಗಿ ರಾತ್ರಿಯೆಲ್ಲ ಏನು ಅಂದ್ಕೋಬೇಕು?"

"ಹಾಗಾದ್ರೆ ಮಾತೇ ಬೇಡ."

"ಹೋದ ವರ್ಷ ಅರ್ಧ ಗಂಟೆ ಕರೆಂಟು ಹೋಗಿತ್ತು. ಒಂದು ಹುಡುಗ ಮರದ ಮುಂದೆ ನಿಂತೇ ಇದ್ದ. ಅಮ್ಮ ಎತ್ಕೊಂಡು ಹೋಗಬೇಕಾಯ್ತು."

ಎಸ್ಬೆನ್ ಗಡಿಯಾರ ನೋಡಿಕೊಳ್ಳುತ್ತಾನೆ. "ಶುಕ್ರವಾರ ಸಂಜೆವರೆಗೆ ಟೈಮು. ಆಮೇಲೆ ಕಂಬ."

ಕಾರ್ನಾಗೆ ಈಗ ಅರವತ್ತೊಂದು. ರಾಂಡರ್ಸ್‌ನಲ್ಲಿ ಬೋರ್ಡು ಬರೆಯುವ ಕೆಲಸ ಕಲಿತು, ಆಮೇಲೆ ಹದಿನೆಂಟು ವರ್ಷ ಹಡಗುಕಟ್ಟೆಯಲ್ಲಿ ಹಡಗಿನ ಹೊಟ್ಟೆಗೆ ಬಣ್ಣ ಬಳಿದರು. ಬಣ್ಣ ಕರಗಿಸುವ ದ್ರಾವಣದಿಂದ ಕೈಯ ಚರ್ಮ ಹೋಯಿತು. ಇಂದಿಗೂ ಹತ್ತಿಯ ಕೈಗವಸು ತೊಟ್ಟು, ಅದರ ಮೇಲೆ ರಬ್ಬರಿನದನ್ನು ಹಾಕಿಕೊಳ್ಳಬೇಕು. ಕಟ್ಟೆ ಮುಚ್ಚಿದಾಗ ಮೂವತ್ತೊಂಬತ್ತು. ಹಾಸೆಲುಂಡ್‌ಗೆ ಬಂದದ್ದು ಬೇಲಿಗೆ ಬಣ್ಣ ಹೊಡೆಯಲು. ಕಡತದಲ್ಲಿ ಅವರ ಹುದ್ದೆ ಇಂದಿಗೂ ಅದೇ.

"ಮೊದಲನೇ ವಾರ. ಮಾಟಗಾತಿ ಮನೆ ಚಿಮಣಿಗೆ ಒಂದು ಸ್ಪೀಕರ್ ಹೊಡೆದಿದ್ರು. ಒಂದು ಹುಡುಗಿ ಅಪ್ಪನಿಗೆ ಹೇಳ್ತಿತ್ತು, 'ಅಪ್ಪಾ, ಮಾಟಗಾತಿ ರೇಡಿಯೊ ಕೇಳ್ತಾಳೆ' ಅಂತ. ಅದಕ್ಕೆ ಭಯ ಹೋಗ್ಬಿಟ್ಟಿತ್ತು, ಪಾಪ. ನಾನು ಊಟದ ಹೊತ್ತಲ್ಲಿ ಏಣಿ ಹತ್ತಿ ಸ್ಪೀಕರಿಗೆ ಇಟ್ಟಿಗೆ ಬಣ್ಣ ಹೊಡೆದೆ. ಯಾರೂ ಗಮನಿಸ್ಲಿಲ್ಲ. ಅವತ್ತು ತಿಳೀತು, ಇದು ನನ್ನ ಕೆಲಸ."

ಇಪ್ಪತ್ತೆರಡು ವರ್ಷದಲ್ಲಿ ಅವರು ಅಡಗಿಸಿದ್ದು ಇನ್ನೂರ ಹದಿನಾಲ್ಕು ಯಂತ್ರ. ಅಣಬೆಯ ಕೊಡೆಯೊಳಗೆ ಸ್ಪೀಕರ್, ಜೇನುಗೂಡಿನಲ್ಲಿ ದೀಪ, ಬಾವಿಕಟ್ಟೆಯ ಕಲ್ಲಿನಲ್ಲಿ ಹೊಗೆಯ ಯಂತ್ರ. ಬೇಸಗೆಯಲ್ಲಿ ಪಾಚಿ ಒಣಗಿದಂತೆ ಬಣ್ಣ ಬದಲಿಸಬೇಕು, ಶರತ್ಕಾಲದಲ್ಲಿ ಮತ್ತೆ. ದಿನಕ್ಕೆ ಹತ್ತು ಕಿಲೊಮೀಟರ್ ನಡಿಗೆ, ಅರವತ್ತು ಸಲವಾದರೂ ಮೊಣಕಾಲೂರುವುದು. ಎಡ ಮೊಣಕಾಲಿನ ಚಿಪ್ಪು ಹೊಸದು.

ಎಷ್ಟು ಚೆನ್ನಾಗಿ ಅಡಗಿಸುತ್ತಾರೆಂದರೆ ರಿಪೇರಿಗೆ ಬಂದವರಿಗೆ ಯಂತ್ರ ಸಿಗುತ್ತಿರಲಿಲ್ಲ. ಸೌಂಡಿನ ಪ್ರೆಬೆನ್ ಒಮ್ಮೆ ನಿಜವಾದ ಬಂಡೆಯೊಂದನ್ನು ಮುಕ್ಕಾಲು ಗಂಟೆ ಸ್ಕ್ರೂಡ್ರೈವರಿನಿಂದ ಮೀಟಿದ್ದಾನೆ. ಆಮೇಲೆ ಕಾರ್ನಾ ಗುರುತೊಂದನ್ನು ಮಾಡಿದರು. ತೆರೆಯುವ ಮುಚ್ಚಳದ ಮೇಲೆ ಉಗುರಿನಷ್ಟು ಚಿಕ್ಕ ಬಸವನಹುಳು. ಬಸವನಹುಳುವಿನ ಚಿಪ್ಪಿನ ಸುರುಳಿ ಸಾಮಾನ್ಯವಾಗಿ ಬಲಕ್ಕೆ ತಿರುಗಿರುತ್ತದೆ. ಕಾರ್ನಾ ಬಿಡಿಸುವುದು ಎಡಕ್ಕೆ. ಎಡ ಸುರುಳಿ ಕಂಡರೆ ಇಲ್ಲಿ ಏನೋ ಇದೆ, ತೆರೆ ಎಂದರ್ಥ. ಕೆಲಸದವರಿಗಷ್ಟೇ ಗೊತ್ತು.

ಬುಧವಾರ. ಹೊಸ ಬೊಡ್ಡೆ ಮಾಡುವ ಮಾತೇ ಇಲ್ಲ. ಗಾರೆ ಒಣಗಲು ಎರಡು ದಿನ, ಬಣ್ಣಕ್ಕೆ ಇನ್ನೆರಡು. ಮಳೆ ಬೇರೆ ಹನಿಯುತ್ತಿದೆ. ಕಾರ್ನಾ ಹುಲ್ಲುಹಾಸನ್ನೇ ನೋಡುತ್ತ ನಿಲ್ಲುತ್ತಾರೆ. ಇಲ್ಲಿ ಮೋಲ್ ಎಂಬ ಪ್ರಾಣಿ, ನಮ್ಮ ಹೆಗ್ಗಣದ ಹಾಗೆ, ನೆಲ ತೋಡಿ ಮಣ್ಣಿನ ಗುಪ್ಪೆ ಎಬ್ಬಿಸುತ್ತದೆ. ಗುಪ್ಪೆಗೆ ಬಣ್ಣ ಬೇಡ. ಚಿಕ್ಕದೊಂದು ಸ್ಪೀಕರಿನ ಮೇಲೆ ಜಾಲರಿ, ಅದರ ಮೇಲೆ ತೆಳು ಬಟ್ಟೆ, ಅದರ ಮೇಲೆ ನಿಜವಾದ ಮಣ್ಣು. ಸಂಜೆಗೆ ಮರದ ಬುಡದಲ್ಲಿ ಗುಪ್ಪೆ ಸಿದ್ಧ. ಪ್ರೆಬೆನ್ ಗುಂಡಿ ಒತ್ತುತ್ತಾನೆ.

"ಮರ ಗಂಜಿ ತಿಂತಾ ಮಾತಾಡ್ತಿದೆ," ಅನ್ನುತ್ತಾನೆ.

"ನಾಳೆ ಮಣ್ಣು ತೆಳು ಮಾಡ್ತೀನಿ. ಬಾಯಿ ಮುಚ್ಕೊಂಡು ಹೋಗು."

ಗುರುವಾರ ಬೆಳಿಗ್ಗೆ ಆರಕ್ಕೆ ಬಂದು ನೋಡಿದರೆ ಗುಪ್ಪೆ ಇಲ್ಲ. ನೆಲ ಸಮವಾಗಿದೆ. ನಡುವೆ ಕಬ್ಬಿಣದ ಬೋನೊಂದು ಹೂತಿದೆ. ತೋಟದ ವಾಗ್ನ್ ಸಲಿಕೆ ಊರಿ ಹೆಮ್ಮೆಯಿಂದ ನಿಂತಿದ್ದಾನೆ. ಮೂವತ್ತು ವರ್ಷದಿಂದ ಅವನ ಹುಲ್ಲಿಗೂ ಮೋಲ್‌ಗಳಿಗೂ ಯುದ್ಧ.

"ನೋಡಿದ್ಯಾ ಅವನ ಧೈರ್ಯ! ಮರದ ಬುಡಕ್ಕೇ ಬಂದಿದ್ದ. ಸಲಿಕೇಲಿ ಎರಡು ಬಿಟ್ಟೆ. ಒಳಗೆ ಠಣ್ ಅಂತು. ಗಟ್ಟಿ ಪ್ರಾಣಿ."

ಕಾರ್ನಾ ಮಣ್ಣು ಕೆದಕಿ ನೆಗ್ಗಿದ ಸ್ಪೀಕರನ್ನು ಎತ್ತಿ ಹಿಡಿಯುತ್ತಾರೆ. ವಾಗ್ನ್ ಅದನ್ನು ನೋಡುತ್ತಾನೆ, ಅವರನ್ನು ನೋಡುತ್ತಾನೆ.

"ಬಸವನಹುಳು ಹಾಕಿರ್ಲಿಲ್ವಲ್ಲ ನೀನು!"

"ಮಣ್ಣಿನ ಮೇಲೆ ಎಲ್ಲಿ ಬಿಡಿಸಲಿ, ದಡ್ಡ?"

ಅವನ ಕಿವಿ ಕೆಂಪಾಗಿದೆ. ಮಧ್ಯಾಹ್ನ ಅವನು ತನ್ನ ಬುತ್ತಿಯ ಅರ್ಧವನ್ನು ತಂದು ಅವರ ಮೇಜಿನ ಮೇಲಿಟ್ಟು ಹೋಗುತ್ತಾನೆ. ರೈ ಬ್ರೆಡ್ಡು, ಲಿವರ್ ಅರೆದ ಮುದ್ದೆ, ಬೀಟ್‌ರೂಟು. ಕಾರ್ನಾ ತಿನ್ನುವುದಿಲ್ಲ. "ಒಂದು ಹಕ್ಕಿ ಮೋಸಹೋಯ್ತು, ಒಬ್ಬ ಮಾಲಿ ಮೋಸಹೋದ. ಕೆಲಸ ಇಷ್ಟು ಚೆನ್ನಾಗಿ ಬಂದಿದ್ದೇ ತಪ್ಪಾಯ್ತು ನೋಡು." ಅಂದು ಮಧ್ಯಾಹ್ನವೇ ಕಂಬದ ಗುಂಡಿ ತೋಡಲು ಜನ ಬಂದು ಅಳತೆ ತೆಗೆದುಕೊಂಡು ಹೋಗುತ್ತಾರೆ.

ಕಾರ್ನಾರ ಬಣ್ಣದ ಕೋಣೆಯಲ್ಲಿ ಗೋಡೆಯುದ್ದಕ್ಕೂ ಮರದ ಪೆಟ್ಟಿಗೆಗಳಿವೆ. ಪ್ರತಿ ನವೆಂಬರಿನಲ್ಲಿ ಕೊಂಬೆ ಬಾಗದಿರಲೆಂದು ಅರ್ಧದಷ್ಟು ಹಳೆಯ ನಿಪ್ಪಲ್‌ಗಳನ್ನು ಇಳಿಸಬೇಕು. ಬಿಸಾಕಲು ಹೇಳಿದ್ದಾರೆ. ಅವರು ತೊಳೆದು, ಒಣಗಿಸಿ, ವರ್ಷ ಬರೆದು ಇಟ್ಟಿದ್ದಾರೆ. "ಜೋಪಾನವಾಗಿ ಇಟ್ಕೋತೀನಿ ಅಂತ ಮರ ಹೇಳಿದೆ. ಬಿಸಾಕೋಕೆ ನಾನ್ಯಾರು?" ಮಕ್ಕಳು ಮರುವರ್ಷ ಬಂದು ತಮ್ಮದೆಲ್ಲಿ ಎಂದು ಕೊಂಬೆಯಲ್ಲಿ ಹುಡುಕುತ್ತಾರೆ. ಹಲವರಿಗೆ ಸಿಗುವುದಿಲ್ಲ. ಎಲ್ಲೋ ಇದೆ ಎಂದುಕೊಂಡು ಹೋಗುತ್ತಾರೆ. ನಿಜವಾಗಿಯೂ ಇದೆ.

ಶುಕ್ರವಾರ ಮಧ್ಯಾಹ್ನ ಪ್ರೆಬೆನ್ ನೆಗ್ಗಿದ ಸ್ಪೀಕರನ್ನು ರಿಪೇರಿ ಮಾಡಿ ತರುತ್ತಾನೆ. ತಳ ಸೊಟ್ಟಗಾಗಿ ಮೇಜಿನ ಮೇಲೆ ನಿಲ್ಲುತ್ತಿಲ್ಲ. ಉರುಳದಿರಲೆಂದು ತೆರೆದಿದ್ದ ಪೆಟ್ಟಿಗೆಯೊಂದರಲ್ಲಿ, ನಿಪ್ಪಲ್‌ಗಳ ನಡುವೆ ಅದನ್ನು ತುರುಕಿ ಗುಂಡಿ ಒತ್ತುತ್ತಾನೆ.

"ಕೊಟ್ಟಿದ್ದಕ್ಕೆ ಸಂತೋಷ. ಜೋಪಾನವಾಗಿ ಇಟ್ಕೋತೀನಿ."

ದನಿ ಸ್ಪಷ್ಟವಾಗಿದೆ. ಇಬ್ಬರೂ ಪೆಟ್ಟಿಗೆಯನ್ನೇ ನೋಡುತ್ತಾರೆ.

"ಗಂಜಿ ಹೋಯ್ತು," ಅನ್ನುತ್ತಾನೆ ಪ್ರೆಬೆನ್.

ಕಾರ್ನಾ ಆಗಲೇ ದಾರ ಹುಡುಕುತ್ತಿದ್ದಾರೆ. ಮೀನಿನ ಬಲೆಯ ಚೀಲದಲ್ಲಿ ಸ್ಪೀಕರ್ ಇಟ್ಟು, ಬಲೆಯ ಕಣ್ಣು ಕಣ್ಣಿಗೂ ಹಳೆಯ ನಿಪ್ಪಲ್ ಕಟ್ಟುತ್ತಾರೆ. ನಾನೂರ ಹನ್ನೆರಡು. ವಾಗ್ನ್ ಬಂದು, ಕೇಳದೆಯೇ ಕೂತು, ಮಣ್ಣುಗೈಯಲ್ಲಿ ಗಂಟು ಹಾಕುತ್ತಾನೆ. ಆರು ಗಂಟೆಗೆ ಮರದಲ್ಲಿ ಇನ್ನೊಂದು ಗೊಂಚಲು. ಎಸ್ಬೆನ್ ಬಂದು ಮೂರು ಸುತ್ತು ಹಾಕುತ್ತಾನೆ.

"ಎಲ್ಲಿ?"

"ನೀನೇ ಹುಡುಕು."

ಹುಡುಕಲಾಗದೆ ಅವನು ಫೋನಿನಲ್ಲಿ ಕಂಬದವರಿಗೆ ಬೇಡವೆನ್ನುತ್ತಾನೆ. ಒಂದು ಹಳದಿ ನಿಪ್ಪಲಿನ ಬೆನ್ನಿಗೆ, ಪ್ರೆಬೆನ್‌ಗಾಗಿ, ಎಡ ಸುರುಳಿಯ ಬಸವನಹುಳು ಇದೆ.

ಶನಿವಾರ ಹತ್ತೂಕಾಲಿಗೆ ಮೊದಲು ಬರುವವಳು ಓಡಾ, ಮೂರೂವರೆ ವರ್ಷ, ತಾತನ ಕೈ ಹಿಡಿದುಕೊಂಡು. ಕಾರ್ನಾ ಟಿಕೆಟಿನ ಗೂಡಂಗಡಿಯ ಹಿಂದೆ ನಿಂತಿದ್ದಾರೆ. ಅವರು ಮರವನ್ನು ನೋಡುವುದಿಲ್ಲ. ಮಗುವಿನ ಕಣ್ಣು ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಾರೆ.

"ಕೊಡ್ತೀಯಾ?" ತಾತ ಕೇಳುತ್ತಾನೆ.

"ಇಲ್ಲ."

"ಸರಿ, ಮನೆಗೆ ಹೋಗೋಣ."

"ಇಲ್ಲ."

ತಾತ ಅವಳ ಕೈ ಬಿಡುತ್ತಾನೆ. ಆಮೇಲೆ ಓಡಾ ನೀಲಿ ನಿಪ್ಪಲನ್ನು ಬಾಯಿಂದ ತೆಗೆದು, ಅಂಗಿಗೆ ಒರೆಸಿ, ಅಲ್ಲಿಟ್ಟಿರುವ ಮೂರು ಮೆಟ್ಟಿಲು ಹತ್ತಿ ಕೊಂಬೆಗೆ ಸಿಕ್ಕಿಸುತ್ತಾಳೆ. ಪ್ರೆಬೆನ್ ಗುಂಡಿ ಒತ್ತುತ್ತಾನೆ. ಮರ ಮಾತಾಡುತ್ತದೆ.

ಓಡಾ ಮೇಲೆ ನೋಡುತ್ತಾಳೆ. ಕಾಂಡದ ಹಿಂದೆ ಹೋಗಿ ನೋಡುತ್ತಾಳೆ. ಗೊಂಚಲಿನ ಮೇಲೆ ಕಣ್ಣು ಬಂದು, ನಿಂತು, ಮುಂದೆ ಹೋಗುತ್ತದೆ. ಕಾರ್ನಾ ಉಸಿರು ಬಿಡುತ್ತಾರೆ. ಅಷ್ಟರಲ್ಲಿ ಬೊಡ್ಡೆಯ ತೂತಿನಿಂದ ಹಕ್ಕಿ ತಲೆ ಹೊರಗೆ ಹಾಕಿ ಮತ್ತೆ ಒಳಗೆ ಹೋಗುತ್ತದೆ. ಓಡಾ ಮರದ ಕಾಂಡಕ್ಕೆ ಅಂಗೈ ಇಟ್ಟು ಪಿಸುಗುಡುತ್ತಾಳೆ:

"ಮೆಲ್ಲಗೆ ಮಾತಾಡು. ಅಲ್ಲಿ ಹಕ್ಕಿ ಮಲಗಿದೆ."

ಪ್ರೆಬೆನ್ ಸದ್ದು ತಗ್ಗಿಸುತ್ತಾನೆ. ದಿನ ಮುಗಿಯುವಷ್ಟರಲ್ಲಿ ನೂರ ಅರವತ್ತಮೂರು ಮಕ್ಕಳು ಬಂದು ಹೋಗುತ್ತಾರೆ. ಡಬ್ಬ ಎಂದು ಯಾರೂ ಹೇಳುವುದಿಲ್ಲ.

ಸಂಜೆ ಗೇಟು ಮುಚ್ಚಿದ ಮೇಲೆ ಎಸ್ಬೆನ್ ಹೇಳುತ್ತಾನೆ: "ಸ್ಪೀಕರ್ ಇನ್ನು ಮೇಲೆ ಮರದಲ್ಲೇ ಇರ್ಲಿ. ಬೊಡ್ಡೆನ ಹಕ್ಕಿಗೇ ಬಿಟ್ಬಿಡು." ಕಾರ್ನಾ ತಲೆಯಾಡಿಸುತ್ತಾರೆ. ಹಕ್ಕಿ ಹೊರಗೆ ಹೋಗುವವರೆಗೆ ಕಾದು, ಬೊಡ್ಡೆಯ ಹಿಂಬದಿಯಲ್ಲಿ ಮೊಣಕಾಲೂರುತ್ತಾರೆ. ಅಲ್ಲಿ, ಮುಚ್ಚಳದ ಮೇಲೆ, ಹನ್ನೊಂದು ವರ್ಷದ ಹಿಂದೆ ಬಿಡಿಸಿದ ಎಡ ಸುರುಳಿಯ ಹುಳವಿದೆ. ಬೆರಳ ತುದಿಯಲ್ಲಿ ಮೂರು ಬಗೆಯ ಬೂದು ಬೆರೆಸಿ ಅದರ ಮೇಲೆ ಒತ್ತುತ್ತಾರೆ. ಒಮ್ಮೆ, ಎರಡು ಸಲ. ಹುಳ ಇಲ್ಲ.

"ಬೇಜಾರಾಯ್ತಾ?" ನಾನು ಕೇಳುತ್ತೇನೆ.

"ಯಾಕೆ? ಈ ಬೊಡ್ಡೆ ಯಾರೋ ಮಾಡಿದ್ದು ಅಂತ ಗೊತ್ತಾಗ್ತಿದ್ದಿದ್ದು ಅದೊಂದರಿಂದಲೇ."

ಕೋಲು ನಿಲ್ಲಿಸಿ, ಕೆಂಪು ಗೆರೆಗೆ ಕಣ್ಣಿಟ್ಟು ಅವರು ನೋಡುತ್ತಾರೆ. ತುಂಬ ಹೊತ್ತು ನೋಡುತ್ತಾರೆ.

"ಬೊಡ್ಡೆ," ಅನ್ನುತ್ತಾರೆ. "ಬರೀ ಬೊಡ್ಡೆ."